ಅವರು ಹಾಕಿದ ನನ್ನ ಸಹಿ

ಸಹಿ ತೀರಾ ಚೆಂದ ಇತ್ತು, ಅದಕ್ಕೇ ಸಿಕ್ಕಿಬಿದ್ದೆವು. ಕಾಗೆ ಕಾಲಿನ ಹಾಗೆ ಗೀಚಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಆದರೆ ನಮ್ಮ ಮನೆಯವರು ಏನು ಮಾಡಿದರೂ ಅಚ್ಚುಕಟ್ಟು. ತಪ್ಪು ಮಾಡಿದರೂ ಅಚ್ಚುಕಟ್ಟಾಗಿಯೇ ಮಾಡುತ್ತಾರೆ.

ನಾನು ಬರೆಯುವವಳಲ್ಲ. ದಿನಕ್ಕೆ ಅರ್ಧ ಪುಟ ಬರೆದರೆ ಬೆರಳು ಸಾಕು ಎನ್ನುತ್ತವೆ, ಹಾಗಾಗಿ ಇಷ್ಟು ಬರೆಯಲು ಒಂದು ತಿಂಗಳು ಹಿಡಿದಿದೆ. ಬೆಳಿಗ್ಗೆ ಎದ್ದು ಬೆರಳು ಮಡಿಚಲು ಬಾರದೆ ಹಾಸಿಗೆಯ ಮೇಲೆ ಅಳುತ್ತ ಕೂತವರು, ಆಸ್ಪತ್ರೆಯವರು ಕಾಗದ ಚಾಚಿದ ಕೂಡಲೇ ಗಂಡನ ಮುಖ ನೋಡುವವರು ನನ್ನ ಹಾಗೆ ಇನ್ನೂ ಇರಬೇಕಲ್ಲ. ಅವರಲ್ಲಿ ಒಬ್ಬರಾದರೂ ಓದಲಿ.

ನನ್ನ ಹೆಸರು ಸುಮಂಗಲಾ. ತವರು ವಿಜಯಪುರದ ಕಡೆ. ಮದುವೆಯಾಗಿ ಪುಣೆಯ ಬಿಬವೇವಾಡಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇವರು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು, ದಿನವಿಡೀ ಲಾರಿಯ ಕಾಗದಗಳಿಗೆ ಸಹಿ ಹಾಕುವ ಕೆಲಸ. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತೇನೆ. ಒಬ್ಬಳೇ ಮಗಳು, ಸಾಂಗ್ಲಿಗೆ ಕೊಟ್ಟಿದ್ದೇವೆ.

ರೋಗ ಶುರುವಾದದ್ದು ಒಂದು ದೀಪಾವಳಿಯ ಮುಂಚೆ. ಮಂಚದ ತುಂಬ ಗಿರಾಕಿಗಳ ಸೀರೆ. ಒಂದು ಬೆಳಿಗ್ಗೆ ಸೂಜಿ ಹಿಡಿದೆ, ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕೆಲಸ ಹೆಚ್ಚಾಗಿ ಹೀಗಾಗಿದೆ ಎಂದು ಬಿಸಿನೀರಿನಲ್ಲಿ ಕೈ ಅದ್ದಿದೆ, ಎಣ್ಣೆ ತಿಕ್ಕಿದೆ, ಅವರಿವರು ಹೇಳಿದ ಲೇಪವೆಲ್ಲ ಹಚ್ಚಿದೆ. ಸಂಕ್ರಾಂತಿಯ ಹೊತ್ತಿಗೆ ಗೆಣ್ಣುಗಳೆಲ್ಲ ಊದಿ ಕೆಂಪಾಗಿದ್ದವು, ಕೈಯ ಬಳೆ ತೆಗೆಯಲೂ ಬರುತ್ತಿರಲಿಲ್ಲ. ರಕ್ತ ತಪಾಸಣೆಯ ಕಾಗದ ನೋಡಿದ ಡಾಕ್ಟರು ಮರಾಠಿಯಲ್ಲಿ ಹೇಳಿದರು, ಇದು ಸಂಧಿವಾತ, ಪೂರ್ತಿ ಹೋಗುವಂಥದ್ದಲ್ಲ, ಜೊತೆಗಿಟ್ಟುಕೊಂಡೇ ಬಾಳಬೇಕು. ನಾನು ಅಲ್ಲೇ ಅತ್ತುಬಿಟ್ಟೆ. ಇವರು ಡಾಕ್ಟರ ಮುಂದೆಯೇ ನನ್ನ ಕಣ್ಣೊರೆಸಿದರು. ಊರಲ್ಲಾಗಿದ್ದರೆ ಅಂಥದ್ದು ಮಾಡುವ ಗಂಡಸಲ್ಲ.

ಆ ದಿನದಿಂದ ನನ್ನ ಕೈಯ ಕೆಲಸವೆಲ್ಲ ಒಂದೊಂದಾಗಿ ಇವರ ಕೈಗೆ ಹೋಯಿತು. ಕುಪ್ಪಸದ ಹುಕ್ಕು ಹಾಕುವುದು, ತಲೆ ಬಾಚುವುದು, ಉಪ್ಪಿನಕಾಯಿಯ ಭರಣಿ ತೆರೆಯುವುದು. ತಲೆ ಬಾಚಲು ಬರುತ್ತಿರಲಿಲ್ಲ ಪಾಪ, ಹಗ್ಗ ಹೊಸೆದ ಹಾಗೆ ಜಡೆ ಹೆಣೆಯುತ್ತಿದ್ದರು. "ಲಾರಿಗೆ ತಾಡಪತ್ರಿ ಕಟ್ಟಾಕ ಹತ್ತೀರೇನ್ರಿ?" ಎಂದರೆ, "ಸುಮ್ಮ ಕೂಡು, ಅಲ್ಲಾಡಬ್ಯಾಡ," ಎಂದು ಗದರುತ್ತಿದ್ದರು. ನನ್ನ ಸಹಿಯೂ ಹಾಗೇ ಅವರ ಕೈಗೆ ಹೋಯಿತು. ಬ್ಯಾಂಕಿನದು, ಗ್ಯಾಸಿನದು ಎಲ್ಲ ಅವರೇ ಹಾಕುತ್ತಿದ್ದರು. ಹುಡುಗಿಯಾಗಿದ್ದಾಗ ನಾನು ಸಹಿಯ ಕೊನೆಯ ಅಕ್ಷರಕ್ಕೆ ಒಂದು ಉದ್ದನೆಯ ಬಾಲ ಎಳೆಯುತ್ತಿದ್ದೆ, ಹೆಸರಿನಡಿ ಸುತ್ತಿಕೊಂಡು ಬರುವಂಥದ್ದು. ಇವರು ಅದನ್ನೂ ಬಿಡದೆ ಕಲಿತಿದ್ದರು.

ಎರಡು ವರ್ಷ ಗುಳಿಗೆ ನುಂಗಿದೆ. ಒಂದು ತಿಂಗಳು ಪರವಾಗಿಲ್ಲ ಅನ್ನಿಸಿದರೆ ಎರಡು ತಿಂಗಳು ನರಕ. ಪ್ರತಿ ಗುರುವಾರ ಆ ದೊಡ್ಡ ಆಸ್ಪತ್ರೆಯ ಸ್ಟೀಲಿನ ಕುರ್ಚಿಗಳ ಮೇಲೆ ಟೋಕನ್ ಹಿಡಿದು ಕೂಡುವುದು. ಅಲ್ಲಿ ಬರುವ ಹೆಂಗಸರೆಲ್ಲ ಸೆರಗಿನಡಿ ಕೈ ಮುಚ್ಚಿಕೊಂಡು ಕೂತಿರುತ್ತಿದ್ದೆವು. ಪರಿಚಯವಾದ ಮೇಲೆ ಮಾತ್ರ ಒಬ್ಬರಿಗೊಬ್ಬರು ತೆಗೆದು ತೋರಿಸುತ್ತಿದ್ದೆವು.

ಅಂಥ ಒಂದು ಗುರುವಾರ ಡಾಕ್ಟರು ಹೊಸ ಇಂಜೆಕ್ಷನ್ ಒಂದರ ಪ್ರಯೋಗ ನಡೆದಿದೆ, ಬಯಸಿದರೆ ಸೇರಬಹುದು ಎಂದರು. ಅವರ ಮಾತು ಮುಗಿಯುವ ಮೊದಲೇ ಇವರು, "ಹೋ, ಹೋ, ಚಾಲೇಲ್," ಎಂದು ಒಪ್ಪಿಬಿಟ್ಟರು. ಮುಂದಿನ ವಾರ ಪ್ರಯೋಗದ ಕೋಣೆಗೆ ಕರೆದರು. ಅಲ್ಲಿ ಪ್ರಾಜಕ್ತಾ ಎಂಬ ಹುಡುಗಿ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು, ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಹಳೆಯ ಕಾಯಿಲೆಗಳ ಬಗ್ಗೆ ಡಾಕ್ಟರು ಸಾಲುಸಾಲು ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ? ಕಾಮಾಲೆ? ಟಿಬಿ? ಇವರು ನನ್ನ ಪಕ್ಕದಲ್ಲಿ ಕೂತು ಎಲ್ಲದಕ್ಕೂ "ನಾಹೀ, ನಾಹೀ" ಎಂದು ಇಲ್ಲವೆನ್ನುತ್ತ ಹೋದರು. ನಾನು ಫ್ಯಾನ್ ನೋಡುತ್ತ ಕೂತಿದ್ದೆ. ಆಮೇಲೆ ರಬ್ಬರಿನ ಚೆಂಡೊಂದನ್ನು ಹಿಸುಕಲು ಕೊಟ್ಟರು, ಆಗಲಿಲ್ಲ. ಪೆನ್ನು ಹಿಡಿಯಲು ಹೇಳಿದರು, ಜಾರಿ ಬಿತ್ತು. ಅದನ್ನೆಲ್ಲ ಬರೆದುಕೊಂಡರು, ಎದೆಯ ಎಕ್ಸ್‌ರೇಯನ್ನೂ ತೆಗೆಸಿದರು.

ಕೊನೆಗೆ ಒಪ್ಪಿಗೆ ಪತ್ರ. ಇಪ್ಪತ್ತು ಪುಟ, ಎಲ್ಲ ಮರಾಠಿ. ನನಗೆ ಸಂತೆಯಲ್ಲಿ ಜಗಳವಾಡುವಷ್ಟು ಮರಾಠಿ ಬರುತ್ತದೆ, ಓದುವುದೆಂದರೆ ಬಸ್ಸಿನ ಬೋರ್ಡಿನಷ್ಟೇ. ಪ್ರಾಜಕ್ತಾ ಎರಡು ಪುಟ ಓದಿ ಹೇಳಿದಳು, ಅಷ್ಟರಲ್ಲಿ ಯಾರೋ ಕರೆದರು, ಓದಿ ಸಹಿ ಮಾಡಿಡಿ, ಬಂದೆ ಎಂದು ಎದ್ದು ಹೋದಳು. ನಾನು ಪೆನ್ನಿಗೆ ಕೈ ಚಾಚಿದೆ.

"ತಾ ಇಲ್ಲೆ. ಕೈ ನೋಯ್ತದ ನಿಂದು," ಎಂದು ಇವರು ಕಾಗದ ಎಳೆದುಕೊಂಡು ಪುಟ ಪುಟಕ್ಕೂ ನನ್ನ ಸಹಿ ಹಾಕಿದರು, ದುಂಡಗೆ, ಬಾಲ ಸಮೇತ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೆ ಸಂತೋಷವೇ ಆಯಿತು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡೆ.

ಹದಿನೈದು ದಿನಕ್ಕೊಂದು ಇಂಜೆಕ್ಷನ್. ಐದನೆಯದು ಆಗುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ನನಗೆ ಗೊತ್ತಿಲ್ಲದೆಯೇ ಬಚ್ಚಲಿನ ನಲ್ಲಿ ತಿರುಗಿಸಿಬಿಟ್ಟೆ. ನೀರು ಸುರಿಯುತ್ತಿತ್ತು, ನಾನು ಕೈ ನೋಡಿಕೊಳ್ಳುತ್ತ ನಿಂತಿದ್ದೆ. ಮುಷ್ಟಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಇವರನ್ನು ಕೂಗಿ ಕರೆದು ತೋರಿಸಿದೆ. ಆ ವಾರವೇ ಒಂದು ಇಳಕಲ್ ಸೀರೆಗೆ ಫಾಲ್ ಹಚ್ಚಿದೆ. ಹೊಲಿಗೆ ಸ್ವಲ್ಪ ದಪ್ಪವಾಗಿತ್ತು, ಇರಲಿ. ಸೂಜಿ ನನ್ನ ಬೆರಳಲ್ಲಿತ್ತು.

ಆಗ ಬಂತು ಪ್ರಾಜಕ್ತಾಳ ಫೋನು. ಈ ಸಲದ ಇಂಜೆಕ್ಷನ್ ಇಲ್ಲ ಕಾಕೂ, ಆದರೆ ಗುರುವಾರ ಬನ್ನಿ, ಎಥಿಕ್ಸ್ ಕಮಿಟಿಯವರು ನಿಮ್ಮ ಜೊತೆ ಮಾತಾಡಬೇಕಂತೆ ಎಂದಳು. ಕಾರಣವನ್ನೂ ಹೇಳಿದಳು. ಫೈಲು ತಪಾಸಣೆ ಮಾಡಿದವರು ಒಂದು ಪುಟದಲ್ಲಿ 'ಎರಡೂ ಕೈಯಲ್ಲಿ ಪೆನ್ನು ಹಿಡಿಯಲಾರರು' ಎಂದು ಓದಿದ್ದಾರೆ. ಅದೇ ತಾರೀಖಿನ ಇನ್ನೊಂದು ಕಾಗದದಲ್ಲಿ ಪುಟಕ್ಕೊಂದರಂತೆ ಮುತ್ತು ಪೋಣಿಸಿದಂಥ ಸಹಿ.

ರಿಕ್ಷಾದಲ್ಲಿ ಇವರು ದಾರಿಯುದ್ದಕ್ಕೂ ಒಂದೇ ಮಾತು. "ನಂದ ಸಹಿ ಅಂದ್ಬಿಡು. ಅವತ್ತ ಸ್ವಲ್ಪ ಆರಾಮಿತ್ತು, ಕಷ್ಟಪಟ್ಟು ಹಾಕೀನಿ ಅನ್ನು. ಮುಗೀತು."

"ಸುಳ್ಳ ಹೇಳ್ಲೇನ್ರಿ?"

"ಇಂಜೆಕ್ಷನ್ ನಿಂತ್ರ ಏನ್ ಮಾಡ್ತಿ? ಮತ್ತ ಮೊದಲಿನ್ಹಂಗ ಅಳ್ಕೋತ ಕೂಡ್ತೀಯೇನು? ನನಗ ನೋಡಾಕ ಆಗಂಗಿಲ್ಲ ಮಾರಾಯ್ತಿ," ಎಂದು ಮುಖ ತಿರುಗಿಸಿ ರಸ್ತೆ ನೋಡತೊಡಗಿದರು. ನನಗೂ ಬೇಕಿದ್ದದ್ದು ಅದೇ ಇಂಜೆಕ್ಷನ್ನು. ಹೂಂ ಎಂದೆ.

ಕೋಣೆಯಲ್ಲಿ ಹತ್ತಿ ಸೀರೆಯ, ನೆರೆತ ಕೂದಲಿನ ಒಬ್ಬ ಹೆಂಗಸು ಕೂತಿದ್ದರು, ಅಲ್ಲಿ ಎಲ್ಲರೂ ಅವರನ್ನು ಗೌರವದಿಂದ ಬಾಯಿ ಎನ್ನುತ್ತಿದ್ದರು. ನಮ್ಮಿಬ್ಬರನ್ನೂ ನೋಡಿ ಇವರಿಗೆ ಕನ್ನಡದಲ್ಲೇ, "ನೀವು ಒಂದ್ ಹತ್ತು ಮಿನಿಟ್ ಹೊರಗ ಕೂಡ್ತೀರೇನ್ರಿ?" ಎಂದರು. ಇವರು ಕಕ್ಕಾಬಿಕ್ಕಿ. ಇಷ್ಟು ವರ್ಷದಲ್ಲಿ ಯಾವ ಆಸ್ಪತ್ರೆಯಲ್ಲೂ ನನ್ನನ್ನು ಬಿಟ್ಟು ಇವರನ್ನು ಯಾರೂ ಹೊರಗೆ ಕಳಿಸಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

"ಕನ್ನಡ ಕೇಳಿ ಗಾಬರಿ ಆತೇನು? ನಾ ಮಿರಜದಾಕಿ. ಸಾಲಿ ಟೀಚರ್ ಇದ್ದೆ, ಈಗ ರಿಟೈರ್ ಆಗೀನಿ. ಡಾಕ್ಟರ್ ಅಲ್ರಿ ನಾ."

"ಮತ್ತ ನೀವ್ಯಾಕ್ರಿ ಇಲ್ಲಿ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಹಿಡಿತವಿಲ್ಲ.

ಬಾಯಿ ನಕ್ಕರು. ಇಂಥ ಪ್ರಯೋಗ ನಡೆಯುವಲ್ಲೆಲ್ಲ ಒಂದು ಸಮಿತಿ ಇರುತ್ತದೆ, ಅದರಲ್ಲಿ ಡಾಕ್ಟರು, ವಕೀಲರ ಜೊತೆ ತಮ್ಮಂಥ ಸಾಮಾನ್ಯರೂ ಇರಲೇಬೇಕು, ರೋಗಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ನೋಡುವುದು ತಮ್ಮ ಕೆಲಸ ಎಂದರು. ಆಮೇಲೆ ಕಾಗದದ ಕಡೆ ಕೈ ಮಾಡಿ, "ಇದನ್ನ ನಿಮಗ ಯಾರರೆ ಪೂರ್ತಿ ಓದಿ ಹೇಳಿದ್ರೇನವಾ?" ಎಂದು ಕೇಳಿದರು.

ಸಹಿ ಯಾರದು ಎಂದು ಕೇಳಿದ್ದರೆ ನನ್ನದೇ ಎನ್ನಲು ತಯಾರಾಗಿ ಬಂದಿದ್ದೆ. ಈ ಪ್ರಶ್ನೆಗೆ ಉತ್ತರ ಕಲಿತಿರಲಿಲ್ಲ. ಬಾಯಿ ಕಾಯುತ್ತ ಕೂತರು. "ನಿಮ್ಮನ್ನ ಹಿಡಿಯಾಕ ಬಂದಿಲ್ಲ ನಾ. ಔಷಧ ಹೋಗೂದು ನಿಮ್ಮ ಮೈಯಾಗ. ನಿಮಗ ಗೊತ್ತಿದ್ದು ಹೋಗ್ಲಿ ಅಂತ, ಅಷ್ಟ."

"ಇವರು ಹಾಕ್ಯಾರ್ರಿ ಸಹಿ," ಎಂದೆ. "ನನ್ನ ಕೈ ನೋಯ್ತಾವಂತ ಹಾಕ್ಯಾರ. ಅವರಿಗೇನೂ ಮಾಡಬ್ಯಾಡ್ರಿ."

"ಅವರಿಗ್ಯಾಕ ಏನ್ ಮಾಡ್ತೀವಿ? ತಪ್ಪು ನಿಮ್ಮದೂ ಅಲ್ಲ, ಅವರದೂ ಅಲ್ಲ. ಕೂತು ಓದಿ ಹೇಳಬೇಕಾದವರು ನಾವು," ಎಂದು ಬಾಯಿ ಹಾಗೆಯೇ ಬರೆದುಕೊಂಡರು, ತಪ್ಪು ಆಸ್ಪತ್ರೆಯ ತಂಡದ್ದು ಎಂದು. ಕನ್ನಡದಲ್ಲಿ ಪತ್ರ ತರಿಸುತ್ತೇವೆ, ಅಲ್ಲಿಯ ತನಕ ಇಂಜೆಕ್ಷನ್ ಇಲ್ಲ, ಮನೆಗೊಯ್ದು ಓದಿ, ಆಮೇಲೆ ನಿಮ್ಮಿಷ್ಟ ಎಂದರು. ಹೊರಗೆ ಬಂದರೆ ಇವರು ಬೆಂಚಿನ ಮೇಲೆ ಕೂರದೆ ಬಾಗಿಲ ಪಕ್ಕದಲ್ಲೇ ನಿಂತಿದ್ದರು. ಹೇಳಿಬಿಟ್ಟೆ ಎಂದೆ. ಇವರು ನನ್ನ ಚೀಲ ತಗೊಂಡು ಮುಂದೆ ನಡೆದರು.

ಕನ್ನಡ ಪತ್ರ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಬೆರಳುಗಳು ಮತ್ತೆ ಊದಿಕೊಂಡವು. ಆ ಇಳಕಲ್ ಸೀರೆಯ ಜೊತೆಗಿನ ಇನ್ನೊಂದು ಸೀರೆ ಹಾಗೇ ಮಡಿಕೆಯಲ್ಲಿ ಉಳಿಯಿತು. ಸತ್ಯ ಹೇಳಿದ್ದಕ್ಕೆ ನನ್ನನ್ನೇ ಬೈದುಕೊಂಡೆ, ಬಾಯಿಯನ್ನೂ ಬೈದೆ.

ಪತ್ರದ ಕನ್ನಡವೋ, ದೇವರೇ ಗತಿ. 'ಸದರಿ ಭಾಗಿಯು ಸ್ವಇಚ್ಛೆಯಿಂದ' ಎಂದೇನೇನೋ. ಆದರೂ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು, ಚಹಾ ಲೋಟವನ್ನು ಪುಟದ ಮೇಲಿಟ್ಟು, ಎರಡು ಮಧ್ಯಾಹ್ನ ಓದಿದೆ. ಕೆಲವರಿಗೆ ಔಷಧ, ಕೆಲವರಿಗೆ ಬರೀ ನೀರಿನಂಥದ್ದು ಕೊಡುತ್ತಾರೆ, ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ ಎಂದಿತ್ತು. ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ, ಬಿಟ್ಟರೂ ಇಲ್ಲಿಯ ಚಿಕಿತ್ಸೆ ಕಡಿಮೆಯಾಗದು ಎಂದಿತ್ತು. ಕಾರಣ ಹೇಳಬೇಕಿಲ್ಲ ಎಂಬುದನ್ನು ಮೂರು ಸಲ ಓದಿದೆ. ಅಂಥ ಮಾತು ನನಗೆ ಅಪ್ಪನೂ ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ.

ಒಂಬತ್ತನೆಯ ಪುಟದಲ್ಲಿ ನನ್ನ ಕೈ ನಿಂತಿತು. ಈ ಔಷಧ ಮೈಯ ಕಾವಲನ್ನು ಕಡಿಮೆ ಮಾಡುತ್ತದೆ, ಹಿಂದೆ ಕ್ಷಯ ಆಗಿದ್ದವರಲ್ಲಿ ಅದು ಮತ್ತೆ ಏಳಬಹುದು, ಜೀವಕ್ಕೂ ಅಪಾಯ, ಆಗಿದ್ದರೆ ತಪ್ಪದೆ ತಿಳಿಸಿ.

ನನಗೆ ಹನ್ನೆರಡು ವರ್ಷವಿದ್ದಾಗ ಕ್ಷಯ ಆಗಿತ್ತು. ಅವ್ವ ನನ್ನನ್ನು ಅಜ್ಜಿಯ ಊರಿಗೆ ಕರೆದೊಯ್ದು ಅಲ್ಲಿಂದ ಸರ್ಕಾರಿ ದವಾಖಾನೆಗೆ ಓಡಾಡಿಸಿದಳು. ಓಣಿಯಲ್ಲಿ ಟೈಫಾಯ್ಡ್ ಎಂದು ಹೇಳಿದಳು. ಮದುವೆಯ ಹಿಂದಿನ ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ಗಂಡನ ಮನ್ಯಾಗ ಇದರ ಸುದ್ದಿ ಎತ್ತಬ್ಯಾಡ ಮಗಳ, ಸಾಯೂತನಕ ಎತ್ತಬ್ಯಾಡ," ಎಂದಿದ್ದಳು. ನಾನೂ ಎತ್ತಲಿಲ್ಲ. ಅವತ್ತು ಡಾಕ್ಟರು ಟಿಬಿ ಎಂದಾಗ ಇವರು ನಾಹೀ ಎಂದರು, ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ಫ್ಯಾನ್ ನೋಡುತ್ತಿದ್ದೆ.

ಮೂರು ದಿನ ಒದ್ದಾಡಿದೆ. ಹೇಳಿದರೆ ಇಂಜೆಕ್ಷನ್ ಹೋಗುತ್ತದೆ, ಕೈ ಹೋಗುತ್ತದೆ. ಜೊತೆಗೆ ಇಷ್ಟು ವರ್ಷ ಮುಚ್ಚಿಟ್ಟದ್ದು ಇವರ ಮುಂದೆ ಬೀಳುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವ್ವ ತೀರಿಕೊಂಡಿದ್ದಾಳೆ, ಅಜ್ಜಿಯಂತೂ ಎಂದೋ ಹೋದಳು. ಒಂದು ಸಹಿ ಹಾಕಿದರೆ ಸಾಕು, ಮತ್ತೆ ನಲ್ಲಿ ತಿರುಗಿಸಬಹುದು.

ಭಾನುವಾರ ಇವರು ನನ್ನ ತಲೆ ಬಾಚುತ್ತಿದ್ದರು. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ, ಬೆನ್ನು ಮಾಡಿ ಕೂತಾಗಲೇ ಹೇಳಿದೆ. ಬಾಚಣಿಗೆ ಅರ್ಧ ತಲೆಯಲ್ಲಿ ನಿಂತಿತು. ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಬಾಚಣಿಗೆ ಮತ್ತೆ ಸರಿಯಿತು. ಜಡೆ ಹೆಣೆದು, ರಬ್ಬರ್ ಹಾಕಿ, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು.

"ಇಪ್ಪತ್ತೆಂಟ ವರ್ಷ," ಎಂದರು. "ನನ್ನ ಏನ್ ರಾಕ್ಷಸ ಅಂತ ತಿಳಿದಿದ್ದಿ ನೀ?"

"ಅವ್ವ ಹೇಳಿದ್ಲರೀ."

"ಅವ್ವ ಹೇಳಿದ್ಲಂತ." ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟೆಲ್ಲ ನನ್ನ ಮೇಲೆ ಎಂದುಕೊಂಡಿದ್ದೆ. "ಡಾಕ್ಟರ್ ಕೇಳಿದ್ದು ನಿನ್ನ. ನಾ ಯಾಕ ನಡುವ ಬಾಯಿ ಹಾಕಿದೆ? ನಿನಗೇನರ ಆಗಿದ್ರ ನಾ ಏನ್ ಮಾಡ್ತಿದ್ದೆ ಹೇಳು. ಏನ್ ಮಾಡ್ತಿದ್ದೆ?" ಎಂದವರೇ ಅಡುಗೆಮನೆಗೆ ಹೋದರು. ಬಹಳ ಹೊತ್ತಿನ ಮೇಲೆ ಚಹಾ ತಂದರು. ಸಕ್ಕರೆ ಎರಡು ಸಲ ಹಾಕಿದ್ದರು. ಇಬ್ಬರೂ ಹಾಗೇ ಕುಡಿದೆವು.

ಗುರುವಾರ ಆಸ್ಪತ್ರೆಯಲ್ಲಿ ಯಾರೂ ಹೇಳುವ ಮೊದಲೇ ಇವರು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟರು. "ಹೋಗಿ ಬಾ," ಎಂದರು. ನಾನು ಒಳಗೆ ಹೋಗಿ ಬಾಯಿಗೂ ಡಾಕ್ಟರಿಗೂ ಎಲ್ಲ ಹೇಳಿದೆ. ಎದೆಯ ಸ್ಕ್ಯಾನ್ ಮಾಡಿಸಿದರು. ಮೊದಲಿನ ಎಕ್ಸ್‌ರೇಯಲ್ಲಿ ಕಾಣದಿದ್ದ ಹಳೆಯ ಕಲೆಯೊಂದು ಮೇಲ್ಗಡೆ ಇತ್ತು. ಸದ್ಯಕ್ಕೆ ಅದು ಮಲಗಿದೆ, ಆದರೆ ಈ ಪ್ರಯೋಗದ ನಿಯಮದಂತೆ ನಿಮ್ಮನ್ನು ಮುಂದುವರಿಸಲು ಬರುವುದಿಲ್ಲ ಎಂದರು ಡಾಕ್ಟರು. ಇಂಜೆಕ್ಷನ್ ಮುಂದುವರಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. "ಬಹುಶಃ ಏನೂ ಆಗುತ್ತಿರಲಿಲ್ಲ. ಆಗಲೂಬಹುದಿತ್ತು," ಎಂದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಅವರ ಮೇಲೆ ಗೌರವ ಬಂತು, ಸಿಟ್ಟೂ ಬಂತು.

"ಬ್ಯಾಸರ ಆತೇನವಾ?" ಎಂದರು ಬಾಯಿ.

"ಹೌದ್ರಿ, ಭಾಳ ಆಗೇದ," ಎಂದೆ. ಬಾಯಿ ಹಾಗಲ್ಲ ಹೀಗೆ ಎಂದು ಬುದ್ಧಿ ಹೇಳಲಿಲ್ಲ. ನನ್ನ ಊದಿದ ಕೈಯ ಮೇಲೆ ತಮ್ಮ ಕೈಯನ್ನು ಹಗುರಾಗಿ, ಒತ್ತದೆ ಇಟ್ಟುಕೊಂಡು ಕೂತರು. ನೋಯುವ ಕೈಯನ್ನು ಮುಟ್ಟುವುದು ಹೇಗೆಂದು ಎಲ್ಲರಿಗೂ ಗೊತ್ತಿರುವುದಿಲ್ಲ.

ಪ್ರಯೋಗದಿಂದ ಹೊರಬರುವ ಕಾಗದ ಒಂದೇ ಪುಟ. ಪ್ರಾಜಕ್ತಾ ಈ ಸಲ ಫೋನನ್ನು ಡ್ರಾಯರಿನಲ್ಲಿಟ್ಟು ಸಾಲು ಸಾಲಾಗಿ ಹೇಳಿದಳು, ಕಣ್ಣಲ್ಲಿ ನೀರಿತ್ತು. ಮೊದಲ ಪೆನ್ನು ಜಾರಿತು. ಒಂದು ದಪ್ಪ ಪೆನ್ನು ಹುಡುಕಿ ಕೊಟ್ಟಳು. 'ಸು' ಬರೆಯುವಷ್ಟರಲ್ಲಿ ಮುಂಗೈಗೆ ಬೆಂಕಿ ಹತ್ತಿದ ಹಾಗಾಯಿತು. ನಿಂತು ನಿಂತು ಬರೆದೆ. ಕೊನೆಗೆ ಬಾಲ ಎಳೆಯಲು ಹೋದೆ, ಅದು ಗೆರೆ ದಾಟಿ ಎಲ್ಲೋ ಹೋಯಿತು. ಆ ಇಡೀ ಫೈಲಿನಲ್ಲಿ ನಾನೇ ಹಾಕಿದ ಸಹಿ ಅದೊಂದೇ, ಅದೂ ಬಿಟ್ಟು ಬರುವುದಕ್ಕೆ ಹಾಕಿದ್ದು.

ಪತ್ರದಲ್ಲಿದ್ದ ಮಾತನ್ನು ಅವರು ಉಳಿಸಿಕೊಂಡರು, ನನ್ನ ಚಿಕಿತ್ಸೆ ಕಡಿಮೆಯಾಗಲಿಲ್ಲ. ಗುಳಿಗೆ ಬದಲಿಸಿದರು, ಕೈಗೆ ವ್ಯಾಯಾಮ ಕಲಿಸಿದರು. ಈಗ ಬೆಳಿಗ್ಗೆ ಎರಡು ತಾಸು ಕೈ ನನ್ನ ಮಾತು ಕೇಳುವುದಿಲ್ಲ. ಆಮೇಲೆ ಮಷೀನಿನಲ್ಲಿ ಪಿಕೋ ಮಾಡುತ್ತೇನೆ, ಸೂಜಿ ಹಿಡಿಯುವುದು ಒಳ್ಳೆಯ ದಿನ ಬಂದರೆ ಮಾತ್ರ. ಎಡಗೈಯ ಎರಡು ಬೆರಳು ವಾಲಿಕೊಂಡಿವೆ. ಆ ಇಂಜೆಕ್ಷನ್ ಇದ್ದಿದ್ದರೆ ವಾಲುತ್ತಿರಲಿಲ್ಲವೇನೋ ಎಂದು ಈಗಲೂ ಅನ್ನಿಸುತ್ತದೆ. ಅನ್ನಿಸಿದಾಗ ಸ್ವಲ್ಪ ಅಳುತ್ತೇನೆ. ಜಡೆ ಇವರದೇ ಕೆಲಸ, ಈಗ ಕೈ ಕುದುರಿದೆ.

ಹೋದ ತಿಂಗಳು ನಮ್ಮ ಸೊಸೈಟಿಯ ಮೀಟಿಂಗ್ ಇತ್ತು. ಫ್ಲ್ಯಾಟು ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ಸೆಕ್ರೆಟರಿ ಎಂದಿನಂತೆ ಪುಸ್ತಕವನ್ನು ಇವರ ಕಡೆ ತಳ್ಳಿ, ಅತ್ತಿಗೆಯವರದನ್ನೂ ನೀವೇ ಹಾಕಿಬಿಡಿ ಎಂದರು. ಇವರು ತಮ್ಮದನ್ನು ಹಾಕಿದರು. ಪೆನ್ನು ರೂಢಿಯಂತೆ ಕೆಳಗಿನ ಸಾಲಿಗೆ ಇಳಿಯಿತು, ಅಲ್ಲೇ ನಿಂತಿತು.

"ಥಾಂಬಾ. ತೀ ಕರೇಲ್," ಎಂದರು ಸೆಕ್ರೆಟರಿಗೆ. ತಡೀರಿ, ಅವಳೇ ಮಾಡ್ತಾಳೆ.

ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು. ನನ್ನ ಕೈಯ ಒತ್ತಡಕ್ಕೆ ಪುಸ್ತಕ ಸರಿಯುತ್ತಿತ್ತು. ಇವರು ತಿರುಗಿ ಜನರತ್ತ ನೋಡಲಿಲ್ಲ. ಪುಸ್ತಕ ಅಲುಗದ ಹಾಗೆ ಅದರ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ನಾನು ಕೊನೆಯ ಅಕ್ಷರ ಮುಗಿಸುವ ತನಕ ಬಗ್ಗಿ ನಿಂತಿದ್ದರು. "ಬಾಲ?" ಎಂದರು ಮೆಲ್ಲಗೆ. ಬಾಲವನ್ನೂ ಎಳೆದೆ.